ಸ್ಲೇಡ್: ಸಭೆಯ ಸದ್ದೇ ಹಾಡಾದ ಬಗೆ

ಹಾಡು ಯಾರದು ಎಂಬ ಪ್ರಶ್ನೆ ಹಳೆಯದು. ಕಟ್ಟಿದವನದೇ, ಹಾಡಿದವನದೇ, ಇಲ್ಲವೆ ಕೇಳಿ ಮನೆಗೆ ಹೋಗುವ ದಾರಿಯಲ್ಲಿ ಗುನುಗಿಕೊಳ್ಳುವವನದೇ? ಭಜನೆಯ ಮನೆಯಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಹೇಳಿಕೊಡುವವನು ಒಬ್ಬ, ಹಿಂದೆ ಹೇಳುವವರು ಎಲ್ಲರೂ. ತಾಳವಂತೂ ಎಲ್ಲರ ಕೈಯಲ್ಲಿಯೂ ಉಂಟು. ಧ್ವನಿಮುದ್ರಣದ ತಟ್ಟೆ ಬಂದ ಮೇಲೆ ಈ ಏರ್ಪಾಡು ಬದಲಾಯಿತು. ಹಾಡುವವನು ಎಲ್ಲಿಯೋ ಒಂದು ಮುಚ್ಚಿದ ಕೋಣೆಯಲ್ಲಿ; ಕೇಳುವವರು ಸಾವಿರ ಊರುಗಳ ಸಾವಿರ ಕೋಣೆಗಳಲ್ಲಿ. ನಡುವೆ ಸಭೆ ಎಂಬುದು ಇಲ್ಲವಾಯಿತು. ರೇಡಿಯೋದ ಮುಂದೆ ಕುಳಿತು ಹಾಡು ಕೇಳುವ ನಿಮಗೆ ಈ ಕೊರತೆ ಹೊಸದಲ್ಲ. ಎಷ್ಟು ಮೆಚ್ಚಿ ತಲೆದೂಗಿದರೂ ನಿಮ್ಮ ‘ಭೇಷ್’ ಹಾಡುವವನ ಕಿವಿಗೆ ಮುಟ್ಟುವುದಿಲ್ಲ.

ಈ ಕೊರತೆಯನ್ನು ಅರಿತು, ಸಭೆಯ ಸದ್ದನ್ನೇ ತಟ್ಟೆಯೊಳಗೆ ತುಂಬಿ, ಅದರಿಂದಲೇ ಹೆಸರಾದ ನಾಲ್ವರು ಇಂಗ್ಲೆಂಡಿನಲ್ಲಿದ್ದರು. ಅವರ ತಂಡದ ಹೆಸರು ಸ್ಲೇಡ್. ಬ್ರಿಟನ್ನಿನಲ್ಲಿ ವಾರವಾರವೂ ಮಾರಾಟವಾದ ತಟ್ಟೆಗಳನ್ನು ಲೆಕ್ಕಹಾಕಿ, ಹೆಚ್ಚು ಮಾರಿದ ಹಾಡುಗಳ ಪಟ್ಟಿಯೊಂದನ್ನು ಪ್ರಕಟಿಸುವ ವಾಡಿಕೆ ಇದೆ. ೧೯೭೧ರ ನವೆಂಬರಿನಿಂದ ೧೯೭೩ರ ಡಿಸೆಂಬರಿನವರೆಗಿನ ಎರಡು ವರ್ಷಗಳಲ್ಲಿ ಈ ತಂಡದ ಆರು ಹಾಡುಗಳು ಆ ಪಟ್ಟಿಯ ಮೊದಲನೆಯ ಸ್ಥಾನಕ್ಕೆ ಏರಿದವು. ಈ ಏರಿಕೆಗೆ ಅವರು ತೊಟ್ಟ ಮಿರುಗುವ ಉಡುಪೇ ಕಾರಣವೆಂದು ಹೇಳುವವರುಂಟು. ಉಡುಪಿನ ಪಾಲು ಇಲ್ಲವೆನ್ನಲಾಗದು. ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ.

ಮೊದಲು ಅವರ ಊರನ್ನು ನೋಡೋಣ. ಬರ್ಮಿಂಗ್‌ಹ್ಯಾಮ್ ನಗರದ ವಾಯವ್ಯಕ್ಕೆ ವುಲ್ವರ್‌ಹ್ಯಾಂಪ್ಟನ್, ವಾಲ್ಸಾಲ್, ಬಿಲ್‌ಸ್ಟನ್ ಮೊದಲಾದ ಊರುಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಕಲ್ಲಿದ್ದಲು, ಕಬ್ಬಿಣ, ಕುಲುಮೆಗಳ ಸೀಮೆ ಇದು. ಹೊಗೆಯಿಂದಲೂ ಮಸಿಯಿಂದಲೂ ಈ ಸೀಮೆಗೆ ‘ಬ್ಲ್ಯಾಕ್ ಕಂಟ್ರಿ’, ಎಂದರೆ ಕಪ್ಪು ನಾಡು, ಎಂಬ ಹೆಸರೇ ನಿಂತಿತು. ಬೀಗ, ಮೊಳೆ, ಸರಪಳಿಗಳನ್ನು ಲೋಕಕ್ಕೆ ಕಳುಹಿಸಿದ ಊರುಗಳು ಇವು. ದುಡಿಯುವ ಜನ, ದಿನವೆಲ್ಲ ಯಂತ್ರದ ಸದ್ದಿನಲ್ಲಿ ಕಳೆದು, ಸಂಜೆಗೆ ಪಾನಗೃಹ, ಕಾರ್ಮಿಕರ ಕ್ಲಬ್ಬು, ನೃತ್ಯಶಾಲೆಗಳಲ್ಲಿ ಸೇರಿ ಹಾಡಿ ಕುಣಿದು ದಣಿವಾರಿಸಿಕೊಳ್ಳುವವರು.

ನಮ್ಮ ನಾಲ್ವರೂ ಬೆಳೆದದ್ದು ಇಲ್ಲಿಯೇ. ಹಾಡುಗಾರ ನಾಡಿ ಹೋಲ್ಡರ್ ೧೯೪೬ರಲ್ಲಿ ವಾಲ್ಸಾಲಿನಲ್ಲಿ ಹುಟ್ಟಿದವನು. ತಂದೆ ಮನೆಮನೆಯ ಕಿಟಕಿ ಗಾಜು ತೊಳೆಯುವ ಕೆಲಸದವನು. ಗಿಟಾರ್ ವಾದಕ ಡೇವ್ ಹಿಲ್‌ನ ತಂದೆ ಮೆಕ್ಯಾನಿಕ್. ಡ್ರಂ ಬಾರಿಸುವ ಡಾನ್ ಪವೆಲ್ ಬಿಲ್‌ಸ್ಟನ್ನಿನವನು. ಲೋಹಶಾಸ್ತ್ರ ಓದಿ, ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು, ಅದನ್ನು ಬಿಟ್ಟು ಬಂದವನು. ಎಲ್ಲರಿಗಿಂತ ಕಿರಿಯವನಾದ ಜಿಮ್ ಲೀ ಬಾಸ್ ಗಿಟಾರ್ ನುಡಿಸುತ್ತಿದ್ದನಾದರೂ ಅವನ ಮೊದಲ ವಿದ್ಯೆ ಪಿಟೀಲು. ಸ್ಟಾಫರ್ಡ್‌ಷೈರ್ ಜಿಲ್ಲೆಯ ತರುಣರ ವಾದ್ಯವೃಂದದಲ್ಲಿ ನುಡಿಸಿದ್ದವನು. ಈ ಪಿಟೀಲನ್ನು ನೆನಪಿನಲ್ಲಿಡಿ. ಮುಂದೆ ಅದರ ಸರದಿ ಬರುತ್ತದೆ.

೧೯೬೬ರಲ್ಲಿ ನಾಲ್ವರೂ ಒಂದುಗೂಡಿದರು. ಆಗ ತಂಡದ ಹೆಸರು ‘ಎನ್ ಬಿಟ್ವೀನ್ಸ್’. ಐದು ವರ್ಷ ಇವರು ಹೊರಗಿನ ಲೋಕಕ್ಕೆ ತಿಳಿಯದೆಯೇ ದುಡಿದರು. ಒಂದು ಹಳೆಯ ವ್ಯಾನು, ವಾದ್ಯಗಳ ಮೂಟೆ, ಇಂದು ಒಂದೂರು, ನಾಳೆ ಇನ್ನೊಂದೂರು. ೧೯೬೮ರಲ್ಲಿ ಬಹಾಮಾ ದ್ವೀಪಗಳಿಗೆ ಕರೆ ಬಂದಿತೆಂದು ಸಂಭ್ರಮದಿಂದ ಹೋದರು. ಅಲ್ಲಿ ಹೊಟೇಲಿನ ಬಾಕಿ ಬೆಳೆದು, ತೀರಿಸುವವರಿಲ್ಲದೆ, ತಿಂಗಳುಗಟ್ಟಲೆ ನುಡಿಸಿ ಋಣ ಹರಿಸಿಕೊಂಡು ಊರಿಗೆ ಮರಳಬೇಕಾಯಿತು. ಆದರೆ ಈ ಅಲೆದಾಟದಲ್ಲಿ ಒಂದು ವಿದ್ಯೆ ಕೈಗೆ ಹತ್ತಿತು. ಕುಡಿದು ಮಾತಾಡುತ್ತಿರುವ, ಹಾಡಿನ ಕಡೆ ಬೆನ್ನು ತಿರುಗಿಸಿ ಕುಳಿತ ಜನವನ್ನು ಎಬ್ಬಿಸಿ ನಿಲ್ಲಿಸುವುದು ಹೇಗೆ ಎಂಬ ವಿದ್ಯೆ ಅದು. ಹೋಲ್ಡರನ ಕಂಠ ಮೊದಲೇ ದೊಡ್ಡದು. ಕಾರ್ಖಾನೆಯ ಸದ್ದನ್ನು ಮೀರಿ ಕೂಗುವ ಕಂಠ. ಅವನು ಕೂಗುವನು, ಜನ ಮರುಕೂಗುವರು. ಅವನು ಕಾಲು ತಟ್ಟುವನು, ಸಭೆಯೂ ತಟ್ಟುವುದು.

೧೯೬೯ರಲ್ಲಿ ಧ್ವನಿಮುದ್ರಣ ಕಂಪನಿಯವರು ತಂಡದ ಹೆಸರನ್ನು ‘ಆಂಬ್ರೋಸ್ ಸ್ಲೇಡ್’ ಎಂದು ಬದಲಿಸಿ ಒಂದು ತಟ್ಟೆ ಹೊರಡಿಸಿದರು. ಅದು ಮಾರಲಿಲ್ಲ. ಆದರೆ ಅದೇ ವರ್ಷ ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ಇವರ ವಾದನವನ್ನು ಚಾಸ್ ಚಾಂಡ್ಲರ್ ಎಂಬವನು ಕೇಳಿದನು. ಇವನು ‘ದಿ ಅನಿಮಲ್ಸ್’ ಎಂಬ ಹೆಸರುವಾಸಿ ತಂಡದಲ್ಲಿ ನುಡಿಸಿದ್ದವನು. ಜಿಮಿ ಹೆಂಡ್ರಿಕ್ಸ್ ಎಂಬ ಅಮೆರಿಕದ ಗಿಟಾರ್ ವಾದಕನನ್ನು ಇಂಗ್ಲೆಂಡಿಗೆ ಕರೆತಂದು ಬೆಳಕಿಗೆ ತಂದವನೂ ಇವನೇ. ಚಾಂಡ್ಲರನು ತಂಡದ ಹೊಣೆ ಹೊತ್ತನು. ಹೆಸರನ್ನು ಮೊಟಕು ಮಾಡಿ ‘ಸ್ಲೇಡ್’ ಎಂದಷ್ಟೇ ಉಳಿಸಲಾಯಿತು.

ಹೆಸರಿನ ಜೊತೆಗೆ ವೇಷವೂ ಬದಲಾಯಿತು. ಆ ದಿನಗಳಲ್ಲಿ ಇಂಗ್ಲೆಂಡಿನ ಕಾರ್ಮಿಕ ಮನೆತನಗಳ ಕೆಲವು ಹುಡುಗರು ತಲೆಗೂದಲನ್ನು ಬೋಳಿಸಿದಂತೆ ಕತ್ತರಿಸಿಕೊಂಡು, ದಪ್ಪ ಬೂಟು ಮೆಟ್ಟಿ ತಿರುಗುತ್ತಿದ್ದರು. ‘ಸ್ಕಿನ್‌ಹೆಡ್’ ಎಂದು ಅವರಿಗೆ ಹೆಸರು. ಪತ್ರಿಕೆಗಳ ಗಮನ ಸೆಳೆಯಲೆಂದು ಸ್ಲೇಡ್ ತಂಡಕ್ಕೂ ಆ ವೇಷ ಹಾಕಿಸಲಾಯಿತು. ಗಮನವೇನೋ ಬಂದಿತು; ಆದರೆ ಹೊಡೆದಾಟಕ್ಕೆ ಹೆಸರಾದವರ ವೇಷ ಕಂಡು ಕಾರ್ಯಕ್ರಮ ಏರ್ಪಡಿಸುವವರು ಹಿಂಜರಿದರು. ವೇಷ ಒಂದರಿಂದಲೇ ಕೀರ್ತಿ ಬರುವುದಾಗಿದ್ದರೆ ಆಗಲೇ ಬರಬೇಕಿತ್ತು. ಅದು ಬರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಕೀಲಿ ಸಿಕ್ಕಿದ್ದು ೧೯೭೧ರಲ್ಲಿ. ಸಭೆಗಳ ಕೊನೆಯಲ್ಲಿ ಇವರು ‘ಗೆಟ್ ಡೌನ್ ಅಂಡ್ ಗೆಟ್ ವಿತ್ ಇಟ್’ ಎಂಬ ಹಳೆಯ ಹಾಡೊಂದನ್ನು ಹಾಡುತ್ತಿದ್ದರು. ಕೈತಟ್ಟಿರಿ, ಕಾಲು ತುಳಿಯಿರಿ ಎಂದು ಜನರನ್ನು ಹುರಿದುಂಬಿಸುವ ಹಾಡು; ಜನ ಹಾಗೆಯೇ ಮಾಡುತ್ತಿದ್ದರು. ಚಾಂಡ್ಲರನು ಅದನ್ನೇ ಮುದ್ರಿಸಲು ನಿಶ್ಚಯಿಸಿದನು. ಸಭೆಯಲ್ಲಿ ನುಡಿಸಿದಂತೆಯೇ ಸ್ಟುಡಿಯೋದಲ್ಲಿಯೂ ನುಡಿಸಬೇಕು. ಕಾಲ್ತುಳಿತ, ಕೈಚಪ್ಪಾಳೆಗಳೂ ಸೇರಬೇಕು. ಹಾಗೆ ಮುದ್ರಿತವಾದ ಹಾಡು ಪಟ್ಟಿಯಲ್ಲಿ ಹದಿನಾರನೆಯ ಸ್ಥಾನಕ್ಕೆ ಏರಿತು. ಐದು ವರ್ಷ ಮುಚ್ಚಿದ್ದ ಬಾಗಿಲು ಕಾಲಿನಿಂದ ತಟ್ಟಿದಾಗ ತೆರೆಯಿತು.

ಇನ್ನು ಮುಂದೆ ಪರರ ಹಾಡು ಸಾಲದು, ಸ್ವಂತ ಹಾಡು ಬೇಕು ಎಂದನು ಚಾಂಡ್ಲರ್. ಜಿಮ್ ಲೀ ಪಿಟೀಲನ್ನು ಎತ್ತಿಕೊಂಡು ಹೋಲ್ಡರನ ಮನೆಗೆ ಹೋದನು. ಅರ್ಧ ಗಂಟೆಯಲ್ಲಿ ಹಾಡು ಸಿದ್ಧವಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಹಾಡು ಸ್ವಲ್ಪ ಮೆದುವಾಯಿತೆಂಬ ಅನುಮಾನ ಅವರಿಗೇ ಬಂದು, ಸ್ಟುಡಿಯೋದಲ್ಲಿ ಅದಕ್ಕೆ ಕಾಲ್ತುಳಿತವನ್ನೂ ಚಪ್ಪಾಳೆಯನ್ನೂ ಸೇರಿಸಿದರು. ಹೆಸರು ‘ಕಾಝ್ ಐ ಲವ್ ಯೂ’. ೧೯೭೧ರ ನವೆಂಬರಿನಲ್ಲಿ ಅದು ಮೊದಲನೆಯ ಸ್ಥಾನಕ್ಕೇರಿ ನಾಲ್ಕು ವಾರ ಅಲ್ಲಿಯೇ ನಿಂತಿತು.

ಈ ಹಾಡಿನ ಹೆಸರಿನ ವಿಚಾರವಾಗಿ ಒಂದು ಮಾತು. ಇಂಗ್ಲಿಷಿನಲ್ಲಿ ಬರೆಯುವುದೊಂದು, ಉಚ್ಚರಿಸುವುದೊಂದು ಎಂಬುದನ್ನು ಶಾಲೆಯಲ್ಲಿ ಕಾಗುಣಿತಕ್ಕಾಗಿ ಪೆಟ್ಟು ತಿಂದವರೆಲ್ಲ ಬಲ್ಲರು. ಸ್ಲೇಡ್ ತಂಡದವರು ಹಾಡಿನ ಹೆಸರುಗಳನ್ನು ನಿಘಂಟಿನಂತೆ ಬರೆಯದೆ ತಮ್ಮ ಸೀಮೆಯ ಬಾಯಿಯಲ್ಲಿ ಬರುವಂತೆ ಬರೆದರು. ‘ಬಿಕಾಸ್’ ಎಂಬುದು ‘ಕಾಝ್’ ಆಯಿತು. ಲವ್ ಎಂಬ ಮಾತಿನ ನಾಲ್ಕು ಅಕ್ಷರ ಮೂರಾಯಿತು. ಮುಂದಿನ ವರ್ಷದ ಇನ್ನೊಂದು ಹಾಡಿನಲ್ಲಿ ‘ಹೋಮ್’ ಎಂಬುದು ಹಕಾರ ಬಿಟ್ಟು ‘ಓಮ್’ ಆಯಿತು. ಹಾಲನ್ನು ‘ಆಲು’ ಎಂದೂ ಹೋಗು ಎಂಬುದನ್ನು ‘ಓಗು’ ಎಂದೂ ಆಡುವ ಬಾಯಿ ನಮ್ಮ ಹಳ್ಳಿಗಳಲ್ಲಿ ಇಲ್ಲವೆ? ಅದೇ ಬಗೆ. ಮಕ್ಕಳ ಕಾಗುಣಿತ ಕೆಡುತ್ತದೆ ಎಂದು ಉಪಾಧ್ಯಾಯರು ಆಕ್ಷೇಪಿಸಿದರು. ಕಪ್ಪು ನಾಡಿನ ಹುಡುಗರಿಗೆ ಮಾತ್ರ ತಮ್ಮ ಬಾಯಿಮಾತು ಅಂಗಡಿಯ ಕಿಟಕಿಯಲ್ಲಿ ಅಚ್ಚಾಗಿ ನಿಂತದ್ದು ಹೆಮ್ಮೆಯ ಸಂಗತಿಯಾಗಿರಬೇಕು. ಆಡುವವರ ಸದ್ದನ್ನು ಹಾಡಿನೊಳಗೆ ತಂದವರು, ಅವರ ನುಡಿಯನ್ನು ಹಾಡಿನ ಹಣೆಯ ಮೇಲೆ ಬರೆದರು.

ಈಗ ಉಡುಪಿನ ಮಾತಿಗೆ ಬರೋಣ. ೧೯೬೯ರ ನವೆಂಬರಿನಲ್ಲಿ ಬಿ.ಬಿ.ಸಿ.ಯ ಮೊದಲನೆಯ ವಾಹಿನಿಯೂ ಖಾಸಗಿ ವಾಹಿನಿಯೂ ಬಣ್ಣದ ಟೆಲಿವಿಷನ್ ಪ್ರಸಾರವನ್ನು ಆರಂಭಿಸಿದವು. ಅಲ್ಲಿಯವರೆಗೆ ಕಪ್ಪು ಬಿಳುಪಿನಲ್ಲಿ ಕಾಣುತ್ತಿದ್ದ ಹಾಡುಗಾರರು ಬಣ್ಣಬಣ್ಣವಾಗಿ ಕಾಣಿಸತೊಡಗಿದರು. ೧೯೭೧ರಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಕಣ್ಣ ಕೆಳಗೆ ಮಿರುಗು ಪುಡಿ ಹಚ್ಚಿಕೊಂಡು, ‘ಟಾಪ್ ಆಫ್ ದಿ ಪಾಪ್ಸ್’ ಎಂಬ ವಾರದ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡನು. ‘ಗ್ಲಾಮ್ ರಾಕ್’ ಎಂಬ ಬೆಡಗಿನ ಪಂಥಕ್ಕೆ ಅದನ್ನೇ ನಾಂದಿಯೆಂದು ಎಣಿಸುವುದುಂಟು. ಸ್ಲೇಡ್ ತಂಡದವರೂ ಕೂದಲು ಬೆಳೆಸಿದರು, ಬೂಟಿನ ಅಟ್ಟೆ ಎತ್ತರಿಸಿದರು. ಡೇವ್ ಹಿಲ್ ಅಡಿಯಿಂದ ಮುಡಿಯವರೆಗೆ ಬೆಳ್ಳಿಯ ಬಣ್ಣದಲ್ಲಿ ಹೊಳೆಯುತ್ತ ಬಂದನು.

ಹೋಲ್ಡರನ ತಲೆಯ ಮೇಲೆ ಸಾರೋಟಿನವನ ಎತ್ತರದ ಟೋಪಿ ಏರಿತು. ಅದರ ಸುತ್ತ ದುಂಡನೆಯ ಕನ್ನಡಿ ಬಿಲ್ಲೆಗಳನ್ನು ಅಂಟಿಸಿದ್ದನು. ಲಂಡನ್ನಿನ ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ತರುಣನಿಂದ ಆ ಟೋಪಿಯನ್ನು ಕೊಂಡೆನೆಂದು ಅವನು ಹೇಳಿಕೊಂಡಿದ್ದಾನೆ. ಆ ತರುಣನು ಬೇರೆ ಯಾರೂ ಅಲ್ಲ, ಮುಂದೆ ಕ್ವೀನ್ ತಂಡದ ಹಾಡುಗಾರನಾಗಿ ಲೋಕಪ್ರಸಿದ್ಧನಾದ ಫ್ರೆಡಿ ಮರ್ಕ್ಯುರಿ. ಪಾರ್ಸಿ ಮನೆತನದಲ್ಲಿ ಹುಟ್ಟಿ, ನಮ್ಮ ದೇಶದ ಪಂಚಗಣಿಯ ಶಾಲೆಯಲ್ಲಿ ಓದಿದವನು. ಟೋಪಿಯ ಕನ್ನಡಿಗಳ ಮೇಲೆ ದೀಪ ಬಿಟ್ಟರೆ ಬೆಳಕು ಚೂರುಚೂರಾಗಿ ಸಭೆಯ ಮೇಲೆಲ್ಲ ಬೀಳುತ್ತಿತ್ತು. ಬೇರೆಯವರ ಮಿರುಗು ಅವರ ಮೈಯನ್ನೇ ಬೆಳಗಿದರೆ, ಈ ಟೋಪಿಯ ಮಿರುಗು ಕೇಳಲು ಬಂದವರ ಮುಖವನ್ನೂ ಬೆಳಗುತ್ತಿತ್ತು.

ಅದೇ ಅಕ್ಟೋಬರಿನಲ್ಲಿ ಇವರು ಲಂಡನ್ನಿನ ಪಿಕಡಿಲ್ಲಿಯ ಒಂದು ಸ್ಟುಡಿಯೋದೊಳಕ್ಕೆ ಅಭಿಮಾನಿಗಳನ್ನೇ ಕರೆದು ಕೂಡಿಸಿ, ಮೂರು ರಾತ್ರಿ ನುಡಿಸಿ ಮುದ್ರಿಸಿಕೊಂಡಿದ್ದರು. ೧೯೭೨ರ ಮಾರ್ಚಿನಲ್ಲಿ ಅದು ‘ಸ್ಲೇಡ್ ಅಲೈವ್’ ಎಂಬ ಹೆಸರಿನಲ್ಲಿ ಹೊರಬಂದಿತು. ಅದರಲ್ಲಿ ಹಾಡಿದೆ, ಕೂಗಾಟವಿದೆ, ಹರಟೆಯಿದೆ. ಒಂದು ಮೆಲ್ಲನೆಯ ಹಾಡಿನ ನಡುವೆ ಹೋಲ್ಡರನ ದೊಡ್ಡ ತೇಗೂ ಇದೆ! ಶುದ್ಧವಾದ ಧ್ವನಿಮುದ್ರಣ ಬೇಕೆನ್ನುವವರು ಕಿವಿ ಮುಚ್ಚಿಕೊಂಡಿರಬಹುದು. ಆದರೆ ಆ ತಟ್ಟೆ ದೊಡ್ಡ ತಟ್ಟೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು.

ಆ ವರ್ಷವೇ ಜಿಮ್ ಲೀ ಅಮೆರಿಕದ ಹಿರಿಯ ಹಾಡುಗಾರ ಚಕ್ ಬೆರಿಯ ಕಚೇರಿಗೆ ಹೋಗಿದ್ದನು. ಬೆರಿ ಆಗಾಗ ಹಾಡು ನಿಲ್ಲಿಸಿ ಸಭೆಗೆ ಬಿಟ್ಟುಕೊಡುತ್ತಿದ್ದನು. ಎಲ್ಲೋ ನಾಲ್ಕು ಜನವಲ್ಲ, ಸಭೆಗೆ ಸಭೆಯೇ ಹಾಡುತ್ತಿತ್ತು. ಜನರ ಈ ಹಾಡನ್ನು ನಮ್ಮ ಹಾಡಿನ ಒಳಗೇ ಏಕೆ ಬರೆದುಬಿಡಬಾರದು ಎಂದು ಲೀಗೆ ಹೊಳೆಯಿತು. ‘ಮಾಮಾ ವೀರ್ ಆಲ್ ಕ್ರೇಝೀ ನೌ’, ‘ಕಮ್ ಆನ್ ಫೀಲ್ ದಿ ನಾಯ್ಝ್’ ಎಂಬ ಹಾಡುಗಳು ಹುಟ್ಟಿದ್ದು ಈ ವಿಚಾರದಿಂದ. ಪಲ್ಲವಿಯನ್ನು ಒಬ್ಬನ ಗಂಟಲಿಗಲ್ಲ, ಸಾವಿರ ಗಂಟಲಿಗೆ ಹೊಂದುವಂತೆ ಕಟ್ಟುವುದು. ನೆಗೆತವಿಲ್ಲದ, ಯಾರ ಶಾರೀರಕ್ಕೂ ಎಟುಕುವ ಸ್ವರಗಳು. ಚಪ್ಪಾಳೆಗೆ ಬಿಟ್ಟ ಜಾಗ. ಎರಡನೆಯ ಹಾಡಿನ ಹೆಸರಿನಲ್ಲಿ ಮೊದಲು ಗದ್ದಲವನ್ನು ‘ಕೇಳು’ ಎಂದಿತ್ತು. ಸಭೆಯ ಸದ್ದು ತನ್ನ ಎದೆಗೆ ಬಡಿದುದನ್ನು ನೆನೆದು ಹೋಲ್ಡರನು ಅದನ್ನು ‘ಅನುಭವಿಸು’ ಎಂದು ತಿದ್ದಿದನು. ೧೯೭೩ರ ಆರಂಭದಲ್ಲಿ ಆ ಹಾಡು ಹೊರಬಂದ ವಾರವೇ ನೇರವಾಗಿ ಮೊದಲನೆಯ ಸ್ಥಾನದಲ್ಲಿ ಕುಳಿತಿತು. ೧೯೬೯ರಲ್ಲಿ ಬೀಟಲ್ಸ್ ತಂಡಕ್ಕೆ ದೊರೆತಿದ್ದ ಆ ಭಾಗ್ಯ, ನಡುವೆ ಬೇರೆ ಯಾರಿಗೂ ದೊರೆತಿರಲಿಲ್ಲ.

೧೯೭೩ರ ಜುಲೈ ೧ರಂದು ಲಂಡನ್ನಿನ ಅರ್ಲ್ಸ್ ಕೋರ್ಟ್ ಎಂಬ ಭಾರಿ ಸಭಾಂಗಣದಲ್ಲಿ ಸಾವಿರಾರು ಜನ ನೆರೆದರು. ಹಲವರು ಕನ್ನಡಿ ಟೋಪಿ ಹಾಕಿಕೊಂಡೇ ಬಂದಿದ್ದರು. ಏರಿಕೆಯ ಶಿಖರ ಅದು. ಮೂರೇ ದಿನ ಕಳೆದು, ಜುಲೈ ೪ರಂದು, ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಡಾನ್ ಪವೆಲ್‌ನ ಕಾರು ಅಪಘಾತಕ್ಕೆ ಈಡಾಯಿತು. ಅವನನ್ನು ಮದುವೆಯಾಗಬೇಕಿದ್ದ ತರುಣಿ ತೀರಿಕೊಂಡಳು. ಪವೆಲ್ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದು ಬದುಕಿಕೊಂಡನು. ಆದರೆ ರುಚಿ, ವಾಸನೆಗಳ ಅರಿವು ಹೋಯಿತು, ಈಚಿನ ಸಂಗತಿಗಳ ನೆನಪು ನಿಲ್ಲದಾಯಿತು. ಕೆಲವೇ ವಾರಗಳಲ್ಲಿ ಅವನು ಮತ್ತೆ ಡ್ರಂ ಮುಂದೆ ಕುಳಿತನು. ನಿನ್ನೆ ನುಡಿಸಿದ ಹಾಡು ಇಂದು ನೆನಪಿರುತ್ತಿರಲಿಲ್ಲ. ಜೊತೆಯವರು ಹಾಡಿನ ಮೊದಲಕ್ಕೆ ಸುಳಿವು ಕೊಟ್ಟರೆ ಕೈ ತಾನಾಗಿ ಲಯ ಹಿಡಿಯುತ್ತಿತ್ತು. ಮೆರುಗಿನ ಉಡುಪಿನ ಕೆಳಗೆ ಎಂತಹ ದುಡಿಮೆಯ ಮೈ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಬೇಸಗೆಯ ಕೊನೆಯಲ್ಲಿ, ನ್ಯೂಯಾರ್ಕಿನ ಸೆಕೆಯಲ್ಲಿ, ಇವರು ಒಂದು ಕ್ರಿಸ್‌ಮಸ್ ಹಾಡನ್ನು ಮುದ್ರಿಸಿದರು. ಹೋಲ್ಡರ್ ೧೯೬೭ರಲ್ಲಿ ಕಟ್ಟಿ ಬಿಸಾಡಿದ್ದ ಒಂದು ಪಲ್ಲವಿಗೆ ಲೀ ಹೊಸ ಮಟ್ಟು ಕೂಡಿಸಿದನು. ಸಾಹಿತ್ಯವನ್ನು ಹೋಲ್ಡರ್ ತನ್ನ ತಂದೆತಾಯಿಯ ಮನೆಯಲ್ಲಿ ಕುಳಿತು ಒಂದೇ ರಾತ್ರಿ ಬರೆದನು. ಗುಂಪು ಹಾಡಿದಂತೆ ಕೇಳಬೇಕೆಂದು ಪಲ್ಲವಿಯನ್ನು ಕಟ್ಟಡದ ಓಣಿಯಂತಹ ಹಜಾರದಲ್ಲಿ ನಿಂತು, ಸದ್ದು ಮೊಳಗುವಂತೆ ಹಾಡಿದರು.

‘ಮೆರಿ ಎಕ್ಸ್‌ಮಸ್ ಎವ್ರಿಬಡಿ’ ೧೯೭೩ರ ಡಿಸೆಂಬರ್ ೭ರಂದು ಹೊರಬಂದಿತು. ಬ್ರಿಟನ್ನಿಗೆ ಅದು ಕಷ್ಟದ ಚಳಿಗಾಲ. ಪಶ್ಚಿಮ ಏಷ್ಯದ ಯುದ್ಧದಿಂದ ಎಣ್ಣೆ ತುಟ್ಟಿಯಾಗಿತ್ತು. ಗಣಿ ಕೆಲಸಗಾರರು ಹೆಚ್ಚಿನ ಅವಧಿಯ ದುಡಿಮೆಯನ್ನು ನಿಲ್ಲಿಸಿದ್ದರು. ಕಲ್ಲಿದ್ದಲು ಉಳಿಸಲು ಜನವರಿಯಿಂದ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ತು ಎಂದು ಪ್ರಧಾನಿ ಹೀತ್ ಡಿಸೆಂಬರ್ ೧೩ರಂದು ಸಾರಿದರು. ಟೆಲಿವಿಷನ್ ಪ್ರಸಾರವನ್ನೂ ರಾತ್ರಿ ಹತ್ತೂವರೆಗೆ ನಿಲ್ಲಿಸಬೇಕಾಯಿತು. ಬೀದಿಯಲ್ಲಿ ಮಬ್ಬು, ಮನೆಯಲ್ಲಿ ಚಳಿ. ಇಂತಹ ಸಮಯದಲ್ಲಿ ಅಜ್ಜಿ, ಮಕ್ಕಳು, ನೆಂಟರಿಷ್ಟರು ತುಂಬಿದ ಸಾಧಾರಣ ಮನೆಯ ಹಬ್ಬವನ್ನು ಹಾಡಿದ ಹಾಡು ಹೊರಟ ವಾರವೇ ಮೊದಲನೆಯ ಸ್ಥಾನ ಹಿಡಿದು ಐದು ವಾರ ನಿಂತಿತು. ಹಬ್ಬ ಮುಗಿದು ಜನವರಿ ಬಂದರೂ ಜನ ಕೊಳ್ಳುತ್ತಲೇ ಇದ್ದರು. ಸಭೆಯಲ್ಲಿ ಸೇರಲಾರದವರಿಗೂ ಮನೆಯಲ್ಲಿ ಒಂದು ಸಭೆಯನ್ನು ಅದು ಒದಗಿಸಿತು.

ಏರಿದ್ದು ಹೇಗೆಂದು ಕಂಡೆವು. ಇಳಿದದ್ದೂ ಅದೇ ಪಾಠವನ್ನು ಹೇಳುತ್ತದೆ. ೧೯೭೫ರಲ್ಲಿ ಇವರು ನಟಿಸಿದ ‘ಫ್ಲೇಮ್’ ಎಂಬ ಚಿತ್ರ ತೆರೆಕಂಡಿತು. ಒಂದು ವಾದ್ಯ ತಂಡವನ್ನು ವ್ಯಾಪಾರಿಗಳು ಹಿಂಡಿ ಹಿಪ್ಪೆ ಮಾಡುವ ಕಹಿ ಕಥೆ ಅದು. ನಗೆಯಾಟವನ್ನು ನಿರೀಕ್ಷಿಸಿ ಹೋದ ಮಕ್ಕಳಿಗೆ ಅದು ರುಚಿಸಲಿಲ್ಲ. ವಿಮರ್ಶಕರು ಅದನ್ನು ಮೆಚ್ಚಿ ಬರೆದದ್ದು ಬಹಳ ಕಾಲದ ಮೇಲೆ. ಆಮೇಲೆ ತಂಡ ಅಮೆರಿಕವನ್ನು ಗೆಲ್ಲಬೇಕೆಂದು ಅಲ್ಲಿಗೇ ಹೋಗಿ ನೆಲೆಸಿತು. ಆದರೆ ಅಲ್ಲಿಯ ರೇಡಿಯೋ ಇವರ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿರಲಿಲ್ಲ. ಪಲ್ಲವಿ ಗೊತ್ತಿಲ್ಲದ ಸಭೆ ಹಿಂದೆ ಹಾಡುವುದೆಂತು? ಸಭೆಯನ್ನೇ ಅರ್ಧ ವಾದ್ಯವಾಗಿ ಮಾಡಿಕೊಂಡವರು ಅಲ್ಲಿ ಅರ್ಧ ವಾದ್ಯದಲ್ಲಿಯೇ ನುಡಿಸಬೇಕಾಯಿತು. ೧೯೭೭ರಲ್ಲಿ ಮರಳಿದಾಗ ಇಂಗ್ಲೆಂಡಿನಲ್ಲಿ ‘ಪಂಕ್’ ಎಂಬ ಹೊಸ ಪಂಥದ ಹುಡುಗರು ಮೆರೆಯುತ್ತಿದ್ದರು. ಸ್ಲೇಡ್ ಏನಾಯಿತು ಎಂದು ಯಾರೋ ಲಂಡನ್ನಿನ ಗೋಡೆಯೊಂದರ ಮೇಲೆ ಬರೆದಿದ್ದರಂತೆ. ಅದನ್ನೇ ತಮ್ಮ ಮುಂದಿನ ತಟ್ಟೆಗೆ ಹೆಸರಾಗಿ ಇಟ್ಟರು. ನಗುತ್ತಲೇ ಇಟ್ಟರೆನ್ನಿ, ಆದರೆ ಗೋಡೆ ಕೇಳಿದ್ದು ಸುಳ್ಳಾಗಿರಲಿಲ್ಲ. ಡೇವ್ ಹಿಲ್ ತನ್ನ ರೋಲ್ಸ್ ರಾಯ್ಸ್ ಕಾರನ್ನು ಮದುವೆಗಳಿಗೆ ಬಾಡಿಗೆ ಬಿಡುವ ಯೋಚನೆಗೂ ಇಳಿದನು.

ತಂಡ ಮುರಿಯುವ ಹಂತದಲ್ಲಿದ್ದಾಗ, ೧೯೮೦ರ ಆಗಸ್ಟಿನಲ್ಲಿ, ರೆಡಿಂಗ್ ಪಟ್ಟಣದ ದೊಡ್ಡ ಸಂಗೀತೋತ್ಸವಕ್ಕೆ ಬರಬೇಕಾಗಿದ್ದ ಓಜಿ ಆಸ್ಬರ್ನ್ ಕೊನೆ ಗಳಿಗೆಯಲ್ಲಿ ಬರಲಾರದೆ ಹೋದನು. ಆ ತೆರವಿಗೆ ಸ್ಲೇಡ್ ತಂಡವನ್ನು ಕರೆದರು. ಮೈದಾನದ ತುಂಬ ಜನ. ಹಲವರು ಚಿಕ್ಕಂದಿನಲ್ಲಿ ಈ ಹಾಡುಗಳನ್ನು ಕೇಳಿ ಬೆಳೆದವರು. ಮೊದಲ ಹಾಡುಗಳಿಗೇ ಮೈದಾನ ಎದ್ದು ನಿಂತಿತು. ಕ್ರಿಸ್‌ಮಸ್ ಹಾಡು ಬೇಕೆಂದು ಆಗಸ್ಟಿನಲ್ಲಿಯೇ ಕೂಗು ಎದ್ದಾಗ, ಬೇಕಾದರೆ ನೀವೇ ಹಾಡಿಕೊಳ್ಳಿ ಎಂದನು ಹೋಲ್ಡರ್. ಜನ ಹಾಡಿಯೇ ಬಿಟ್ಟರು. ಅಲ್ಲಿಂದ ತಂಡಕ್ಕೆ ಮತ್ತೊಂದು ದಶಕದ ಆಯುಸ್ಸು ಬಂದಿತು. ೧೯೮೩ರಲ್ಲಿ ‘ಕಮ್ ಆನ್ ಫೀಲ್ ದಿ ನಾಯ್ಝ್’ ಹಾಡನ್ನು ಕ್ವಯಟ್ ರಯಟ್ ಎಂಬ ಅಮೆರಿಕದ ತಂಡ ಹಾಡಿ ಅಲ್ಲಿಯ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಏರಿಸಿತು. ಕಪ್ಪು ನಾಡಿನ ಪಲ್ಲವಿಯನ್ನು ಅಮೆರಿಕ ಕಲಿತದ್ದು ಹತ್ತು ವರ್ಷ ತಡವಾಗಿ, ಅದೂ ಬೇರೆಯವರ ಬಾಯಿಂದ. ೧೯೯೨ರ ಹೊತ್ತಿಗೆ ಮೊದಲಿನ ನಾಲ್ವರ ಕೂಟ ಮುಗಿಯಿತು.

ಇಂದೂ ಡಿಸೆಂಬರ್ ಬಂದರೆ ಬ್ರಿಟನ್ನಿನ ರೇಡಿಯೋಗಳಲ್ಲಿ, ಅಂಗಡಿಗಳಲ್ಲಿ ಆ ಕ್ರಿಸ್‌ಮಸ್ ಹಾಡು ತಪ್ಪದೆ ಕೇಳುತ್ತದೆ. ಬೆಳ್ಳಿಯ ಉಡುಪು ಮಾಸಿತು, ಎತ್ತರದ ಅಟ್ಟೆ ಸವೆಯಿತು. ಹಜಾರದಲ್ಲಿ ನಿಂತು ಕೂಗಿದ ಪಲ್ಲವಿ ಉಳಿಯಿತು. ವಾಚಕರೇ, ಈ ತಂಡದ ಯಾವ ಹಾಡಾದರೂ ನಿಮ್ಮ ಕಿವಿಗೆ ಬಿದ್ದರೆ, ಗಿಟಾರಿನ ಅಬ್ಬರವನ್ನು ಒಂದಿಷ್ಟು ಬದಿಗಿಟ್ಟು ಅದರ ಕೆಳಗಿನ ಸದ್ದಿಗೆ ಕಿವಿಗೊಡಿ. ಅಲ್ಲಿ ಕೈಚಪ್ಪಾಳೆ ಇದೆ, ಮರದ ನೆಲದ ಮೇಲೆ ಬೂಟುಗಾಲಿನ ತುಳಿತ ಇದೆ. ಅದು ಕೇಳುವವರಿಗಾಗಿ ಹಾಡಿನೊಳಗೆ ಮೊದಲೇ ಕಾದಿರಿಸಿದ ಜಾಗ. ನಿಮ್ಮ ಕಾಲು ತಾನಾಗಿ ನೆಲವನ್ನು ತಟ್ಟತೊಡಗಿದರೆ, ಆ ಜಾಗ ನಿಮ್ಮದೂ ಆಯಿತೆಂದು ತಿಳಿಯಿರಿ.